ಸ್ಕ್ರಾಂಬಲ್ ಶೀಟಿನ ಕಗ್ಗಂಟು: ಕಪ್ ಕೊಟ್ಟ ಮೇಲೆ ಸಿಕ್ಕ ತಪ್ಪು

ನಮ್ಮ ಗಾಲ್ಫ್ ಸ್ನೇಹಕೂಟದ ಸ್ಕೋರ್ ಲೆಕ್ಕ ಹಾಕುವ ಶೀಟಿನಲ್ಲಿದ್ದ ತಪ್ಪು ಸೋಮವಾರ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಮೂರು ಗಂಟೆ ನಾನು ಹುಡುಕಿದ್ದು ಒಂದು ಕಡೆ, ಅದು ಕೂತಿದ್ದು ಇನ್ನೊಂದು ಕಡೆ. ಸಿಕ್ಕಿ ಏನು ಬಂತು? ಕಪ್ ಭಾನುವಾರ ಸಂಜೆಯೇ ಗೆದ್ದ ತಂಡದ ಗೌಡ್ರ ಮನೆಯ ಶೋಕೇಸ್ ಸೇರಿಯಾಗಿತ್ತು.

ಕಳೆದ ಸಲ ಬರೆದಾಗ ತಂಡಗಳ ಪಟ್ಟಿ ಅರ್ಧ ಆಗಿತ್ತು. ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಆರು ತಂಡ, ತಂಡಕ್ಕೆ ನಾಲ್ಕು ಜನ, 18 ಹೋಲ್, ಸ್ಕ್ರಾಂಬಲ್. ಅಂದರೆ ತಂಡದ ಎಲ್ಲರೂ ಹೊಡೆದು, ಅದರಲ್ಲಿ ಒಳ್ಳೆಯ ಬಾಲ್ ಆರಿಸಿ, ಎಲ್ಲರೂ ಅಲ್ಲಿಂದಲೇ ಮತ್ತೆ ಹೊಡೆಯುವುದು. ಪ್ರತಿಯೊಬ್ಬರ ಡ್ರೈವ್, ಅಂದರೆ ಹೋಲಿನ ಮೊದಲ ಹೊಡೆತ, ಮೂರು ಸಲವಾದರೂ ಬಳಸಲೇಬೇಕು. ಚಿಕ್ಕಮಗಳೂರಿನಲ್ಲಿ ಇದಕ್ಕೆ ದಿನ ಗೊತ್ತು ಮಾಡುವುದೇ ಒಂದು ಸಾಹಸ. ಮಳೆಗಾಲದಲ್ಲಿ ಫೇರ್‌ವೇನಲ್ಲಿ ನಾಟಿ ಹಾಕಬಹುದು, ಬಾಲ್ ಹೊಡೆಯುವ ಹಾಗಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ತೋಟದವರು ಫೋನ್ ಕೂಡ ಎತ್ತುವುದಿಲ್ಲ. ನಡುವೆ ಸಿಗುವುದು ಅಕ್ಟೋಬರ್‌ನ ಒಂದೆರಡು ವಾರ. ಅದರಲ್ಲೂ ಬೆಳಿಗ್ಗೆ ಗಿರಿ ಕಡೆಯಿಂದ ಮಂಜು ಇಳಿದರೆ, ಹೊಡೆದ ಬಾಲ್ ಎಲ್ಲಿ ಬಿತ್ತು ಅಂತ ಕಿವಿಯಲ್ಲೇ ತಿಳಿಯಬೇಕು.

ತಂಡಗಳಿಗೆ ಈ ಸಲ ಕಾಫಿ ತಳಿಗಳ ಹೆಸರು. ಕೆಂಟ್, ಎಸ್-795, ಚಂದ್ರಗಿರಿ, ಕಾವೇರಿ, ಸೆಲೆಕ್ಷನ್-9, ಕೊನೆಗೊಂದು ರೋಬಸ್ಟಾ. ರೋಬಸ್ಟಾದವರು ಕೊನೆಯಲ್ಲೇ ಬಂದರು. ಅದರ ಬಗ್ಗೆ ಮಾತಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಕಪ್ಪಿನ ಅಂಗಡಿಯವನ ಕಥೆ ಮಾತ್ರ ಹೇಳಲೇಬೇಕು. ಪ್ಲೇಟ್ ಮೇಲೆ ಏನು ಬರೆಯಬೇಕು ಅಂತ ನಾನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಕೊಟ್ಟಿದ್ದೆ. ಶನಿವಾರ ಸಂಜೆ ಹೋಗಿ ನೋಡಿದರೆ 'ಗಲ್ಫ್ ಸ್ನೇಹಕೂಟ' ಅಂತ ಕೆತ್ತಿದ್ದಾನೆ. ಒಂದು ದೀರ್ಘ ಹಾರಿಹೋಗಿ ನಾವೆಲ್ಲ ದುಬೈಗೆ ಹೋಗಿಬಂದವರಾದೆವು. "ಒಂದು ದೀರ್ಘ ತಾನೇ ಸರ್, ಸೋಮವಾರ ತನ್ನಿ, ಹಾಕಿಕೊಡ್ತೀನಿ" ಅಂದ. ಟೋಪಿಗಳ ಗೋಳು ಬೇರೆ. 24 ಟೋಪಿಗಳಲ್ಲಿ ಏಳು ಟೋಪಿ ನನ್ನ ತಂಗಿ ಮಗನಿಗೆ ಸರಿಯಾಗುತ್ತವೆ. ಅವನಿಗೆ ಎಂಟು ವರ್ಷ.

ಈಗ ಶೀಟಿನ ವಿಷಯ. ಹ್ಯಾಂಡಿಕ್ಯಾಪ್ ಅಂದರೆ ಆಟಗಾರರಿಗೆ ಸಿಗುವ ಹೊಡೆತಗಳ ರಿಯಾಯಿತಿ, ಚೆನ್ನಾಗಿ ಆಡುವವರಿಗೆ ಕಡಿಮೆ. ನಾಲ್ಕು ಜನರ ಸ್ಕ್ರಾಂಬಲ್‌ಗೆ ಸಾಮಾನ್ಯವಾಗಿ ಹಿಡಿಯುವ ಪಾಲು ನಿಮಗೆಲ್ಲ ಗೊತ್ತು. ಅತಿ ಕಡಿಮೆ ಹ್ಯಾಂಡಿಕ್ಯಾಪ್‌ನವರದ್ದು ಶೇ 25, ಆಮೇಲೆ 20, 15, ಜಾಸ್ತಿ ಇರುವವರದ್ದು ಶೇ 10. ನಾಲ್ಕನ್ನೂ ಕೂಡಿಸಿದರೆ ತಂಡದ ಹ್ಯಾಂಡಿಕ್ಯಾಪ್. ಚೆನ್ನಾಗಿ ಆಡುವವರ ಬಾಲನ್ನೇ ತಂಡ ಜಾಸ್ತಿ ಸಲ ಆರಿಸಿಕೊಳ್ಳುತ್ತದೆ, ಅದಕ್ಕೇ ಅವರ ಪಾಲು ದೊಡ್ಡದು. ಕಳೆದ ವರ್ಷ ಇದೇ ಶೀಟ್ ಒಂದು ಚೂರೂ ತಕರಾರು ಮಾಡಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಭಾನುವಾರದ ಫಲಿತಾಂಶ ಹೀಗಿತ್ತು. ಗ್ರಾಸ್ ಅಂದರೆ ಹೊಡೆದ ಒಟ್ಟು ಹೊಡೆತ, ಅದರಲ್ಲಿ ಹ್ಯಾಂಡಿಕ್ಯಾಪ್ ಕಳೆದರೆ ನೆಟ್, ನೆಟ್ ಕಡಿಮೆ ಇದ್ದವರು ಗೆದ್ದ ಹಾಗೆ. ಕೆಂಟ್ ಗ್ರಾಸ್ 67, ಹ್ಯಾಂಡಿಕ್ಯಾಪ್ 15, ನೆಟ್ 52. ಎಸ್-795 ಗ್ರಾಸ್ 66, ಹ್ಯಾಂಡಿಕ್ಯಾಪ್ 13, ನೆಟ್ 53. ಚಂದ್ರಗಿರಿ 68ಕ್ಕೆ 13 ಕಳೆದು 55. ಒಂದೇ ಹೊಡೆತದ ಅಂತರ! ಎಲ್ಲರೂ ಕುಣಿದಾಡಿದರು. ಎಸ್-795 ತಳಿಗೆ ಕೆಂಟೇ ಒಂದು ಕಡೆಯ ಅಪ್ಪ, ಹಾಗಾಗಿ 'ಅಪ್ಪ ಮಗನನ್ನು ಸೋಲಿಸಿದ' ಅಂತ ನಾನೇ ಮೈಕ್ ಹಿಡಿದು ದೊಡ್ಡದಾಗಿ ಜೋಕ್ ಹೊಡೆದೆ. ಈಗ ಆ ವಿಡಿಯೊ ಅಳಿಸಿ ಅಂತ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇನೆ.

ಸೋಮವಾರ ಸಂಜೆ ಎಸ್-795 ತಂಡದ ಮ್ಯಾನೇಜರ್ ಸಾಹೇಬರು ಫೋನ್ ಮಾಡಿದರು. ಬ್ಯಾಂಕಿನಿಂದ ರಿಟೈರ್ ಆಗಿ ನಾಲ್ಕು ವರ್ಷ ಆಯಿತು, ಕಣ್ಣು ಇನ್ನೂ ರಿಟೈರ್ ಆಗಿಲ್ಲ. "ಸುಮ್ನೆ ಕೇಳ್ತಿದೀನಿ ಮಾರಾಯ್ರೆ. ಕೆಂಟ್‌ನಲ್ಲಿ ಆರು ಹ್ಯಾಂಡಿಕ್ಯಾಪ್‌ನವನು ಒಬ್ಬ ಇದ್ದಾನಲ್ಲ. ಆದ್ರೂ ತಂಡಕ್ಕೆ ಹದಿನೈದು ಹೆಂಗೆ ಬಂತು?" ಬ್ಯಾಂಕಿನವರು 'ಸುಮ್ನೆ' ಅಂದರೆ ಆಡಿಟ್ ಶುರುವಾಯಿತು ಅಂತಲೇ ಅರ್ಥ.

ನನಗೆ ಮೊದಲು ಅನುಮಾನ ಬಂದದ್ದು ರೌಂಡಿಂಗ್ ಮೇಲೆ. ನೋಡಿದರೆ ಅಲ್ಲಿ ನಿಜವಾಗಿಯೂ ಒಂದು ತಪ್ಪು ಇತ್ತು! ಪ್ರತಿಯೊಬ್ಬರ ಪಾಲನ್ನೂ ಅಲ್ಲಲ್ಲೇ ರೌಂಡ್ ಮಾಡಿ ಆಮೇಲೆ ಕೂಡಿಸಿದ್ದೆ. ಮ್ಯಾನೇಜರ್ ಸಾಹೇಬರ ತಂಡವನ್ನೇ ತೆಗೆದುಕೊಳ್ಳಿ. ಹ್ಯಾಂಡಿಕ್ಯಾಪ್ 10, 18, 23, 26. ಪಾಲು 2.5, 3.6, 3.45, 2.6. ಒಂದೊಂದನ್ನೇ ರೌಂಡ್ ಮಾಡಿದರೆ 3, 4, 3, 3, ಒಟ್ಟು 13. ಹಾಗೇ ಕೂಡಿಸಿ ಕೊನೆಗೊಮ್ಮೆ ರೌಂಡ್ ಮಾಡಿದರೆ 12.15, ಅಂದರೆ 12. ಕೊನೆಗೆ ಮಾಡುವುದೇ ಸರಿ. ಖುಷಿಯಿಂದ ತಿದ್ದಿದೆ. ಫಲಿತಾಂಶ ನೋಡಿದರೆ ಕೆಂಟ್ ಅದೇ 52, ಎಸ್-795 ಈಗ 54. ದೂರು ಕೊಟ್ಟವರಿಗೇ ಇನ್ನೊಂದು ಪೆಟ್ಟು! ಇದನ್ನು ಅವರಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಒಂದು ಲೋಟ ಕಾಫಿ ಮಾಡಿಕೊಂಡು ಮತ್ತೆ ಕೂತೆ.

ಇಲ್ಲಿ ಒಂದು ಮಾತು ಬೇರೆ. ತಲೆ ಕೆಟ್ಟಾಗ ನಾನು ಮುಂದಿನ ಪ್ರಾಜೆಕ್ಟ್ ಯೋಚಿಸುತ್ತೇನೆ. ಮುಂದಿನದು ಸ್ಟಿಂಪ್‌ಮೀಟರ್, ಅಂದರೆ ಗ್ರೀನ್ ಮೇಲೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಬಾಲ್ ಎಷ್ಟು ಸಲೀಸಾಗಿ ಉರುಳುತ್ತದೆ ಅಂತ ಅಳೆಯುವ ಉಪಕರಣ. ಏಳನೇ ಗ್ರೀನ್ ವೇಗ ಜಾಸ್ತಿ ಅಂತ ಆರು ತಂಡದವರೂ ಗೊಣಗಿದರು, ಆದರೆ ಎಷ್ಟು ಜಾಸ್ತಿ ಅಂತ ಹೇಳುವವರಿಲ್ಲ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಓಕ್‌ಮಾಂಟ್‌ನ ಯು.ಎಸ್. ಓಪನ್ ನೋಡಿ ಬಂದು ಈ ಉಪಕರಣ ಮಾಡಿದ. ಮಾಡುವುದಕ್ಕೆ ಕಷ್ಟವೇನಿಲ್ಲ. 36 ಇಂಚು ಉದ್ದದ, ಕಾಲುವೆಯ ಹಾಗೆ ನಡುವೆ ತಗ್ಗಿರುವ ಒಂದು ಪಟ್ಟಿ, ಕೆಳತುದಿಯಿಂದ 30 ಇಂಚಿಗೆ ಒಂದು ಕಚ್ಚು. ಕಚ್ಚಿನಲ್ಲಿ ಬಾಲ್ ಇಟ್ಟು ನಿಧಾನಕ್ಕೆ ಎತ್ತಿದರೆ ಸುಮಾರು 20 ಡಿಗ್ರಿಗೆ ತಾನಾಗಿ ಉರುಳುತ್ತದೆ. ಎಷ್ಟು ಅಡಿ ಹೋಯಿತೋ ಅದೇ ವೇಗ. ಆ ಕಡೆ ಮೂರು, ಈ ಕಡೆ ಮೂರು ಉರುಳಿಸಿ ಸರಾಸರಿ ತೆಗೆಯಬೇಕು. ತೊಂದರೆ ಇರುವುದು ಕಾಲುವೆಯ ಕೋನದಲ್ಲಿ. ಅದು 145 ಡಿಗ್ರಿ ಇರಬೇಕು. ಅಲ್ಯೂಮಿನಿಯಂ ಕಿಟಕಿ ಮಾಡುವವನನ್ನು ಕೇಳಿದರೆ 90 ಡಿಗ್ರಿಯ ಆ್ಯಂಗಲ್ ಕೈಗೆ ಕೊಟ್ಟು "ಇದೇ ನಡೀತದೆ ಬಿಡಿ" ಅಂದ. ನಡೆಯುವುದಿಲ್ಲ. ಯಾರಾದರೂ ತಗಡು ಬಗ್ಗಿಸಿ ಮಾಡಿದ್ದರೆ ಹೇಳಿ. ಸಿಲ್ವರ್ ಓಕ್ ಮರದಲ್ಲಿ ಕೆತ್ತಿಸಿದರೆ ಮಳೆಗಾಲಕ್ಕೆ ಸೊಟ್ಟಗಾಗುತ್ತದೆ ಅಂತ ನನ್ನ ಭಯ.

ಸರಿ, ಶೀಟಿಗೆ ಬರೋಣ. ಫಾರ್ಮುಲಾ ಒಂದೊಂದೇ ಬಿಡಿಸಿದೆ. ಶೇಕಡಾ ಸರಿ, ಕೂಡಿದ್ದು ಸರಿ. ಗ್ರಾಸ್ ಸ್ಕೋರ್ ಕಾರ್ಡ್‌ಗಳನ್ನು ಎರಡು ಸಲ ಎಣಿಸಿದೆ. ಕೊನೆಗೆ ಸಿಟ್ಟು ಬಂದು ಕೆಂಟ್ ತಂಡದ ಹ್ಯಾಂಡಿಕ್ಯಾಪ್‌ಗಳನ್ನು ಪೇಪರ್ ಮೇಲೆ ಬರೆದು ಕೈಯಲ್ಲೇ ಲೆಕ್ಕ ಹಾಕಿದೆ. 6ರ ಶೇ 25 ಅಂದರೆ 1.5. 18ರ ಶೇ 20 ಅಂದರೆ 3.6. 22ರ ಶೇ 15 ಅಂದರೆ 3.3. 28ರ ಶೇ 10 ಅಂದರೆ 2.8. ಒಟ್ಟು 11.2. ಹನ್ನೊಂದು! ಶೀಟ್ ಹೇಳುತ್ತಿರುವುದು ಹದಿನೈದು.

ಆಮೇಲೆ ಶೀಟಿನಲ್ಲಿ ಹೆಸರುಗಳನ್ನು ನೋಡಿದೆ. ಮೊದಲ ಸಾಲಿನಲ್ಲಿ ಗೌಡ್ರು, 28. ಎರಡನೆಯದು 22. ಮೂರನೆಯದು 18. ಕಟ್ಟಕಡೆಗೆ ಕ್ಯಾಪ್ಟನ್, ಅಂದರೆ ಗೌಡ್ರ ಅಣ್ಣನ ಮಗ, 6.

ವಯಸ್ಸಿನ ಪ್ರಕಾರ ಬರೆದಿದ್ದಾನೆ ಪುಣ್ಯಾತ್ಮ. ಮದುವೆ ಕಾರ್ಡ್‌ನಲ್ಲಿ ಸುಖಾಗಮನ ಬಯಸುವವರ ಹೆಸರು ಹಾಕುವ ಹಾಗೆ!

ನನ್ನ ಶೀಟಿಗೆ ಮೊದಲ ಸಾಲು ಅಂದರೆ ಶೇ 25, ಅಷ್ಟೇ. ಅಲ್ಲಿ ಕೂತವರು ಯಾರು ಅಂತ ಅದು ಕೇಳುವುದಿಲ್ಲ. 28ರ ಶೇ 25 ಏಳು, 22ರ ಶೇ 20 ನಾಲ್ಕು ಚಿಲ್ಲರೆ, ಹೀಗೆ 14.7 ಆಗಿ 15ಕ್ಕೆ ಏರಿದೆ. ಕಳೆದ ವರ್ಷ ಹೆಸರುಗಳನ್ನು ನಾನೇ ತುಂಬಿದ್ದೆ, ಕಡಿಮೆಯಿಂದ ಜಾಸ್ತಿಗೆ. ಈ ಸಲ ದೊಡ್ಡ ಬುದ್ಧಿವಂತನ ಹಾಗೆ ಶೀಟನ್ನು ಕ್ಯಾಪ್ಟನ್‌ಗಳ ಮೊಬೈಲಿಗೇ ಕಳಿಸಿ 'ನೀವೇ ತುಂಬಿ' ಅಂದೆ. ಕ್ರಮ ಹೇಳಲೇ ಇಲ್ಲ. ಎಸ್-795 ಮತ್ತು ಚಂದ್ರಗಿರಿಯವರು ಚೆನ್ನಾಗಿ ಆಡುವವರನ್ನು ಮೇಲೆ ಹಾಕಿದ್ದರು, ಅದೃಷ್ಟಕ್ಕೆ ಸರಿಹೋಯಿತು. ಕಾವೇರಿಯವರನ್ನು ಕೇಳಿದರೆ ಕಾರಿನಲ್ಲಿ ಕೂತ ಕ್ರಮದಲ್ಲಿ ಬರೆದೆವು ಅಂದರು, ಡ್ರೈವರ್ ಮೊದಲು.

ಕ್ಯಾಪ್ಟನ್‌ಗೆ ರಾತ್ರಿಯೇ ಫೋನ್ ಮಾಡಿದೆ. "ಅಲ್ಲಣ್ಣ, ಚಿಕ್ಕಪ್ಪನ ಹೆಸರಿನ ಮೇಲೆ ನನ್ನ ಹೆಸರು ಹಾಕಕ್ಕಾಗುತ್ತಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಿದ್ದುಪಡಿ ಎರಡೇ ನಿಮಿಷದ್ದು. 'ಸ್ಮಾಲ್' (SMALL) ಫಾರ್ಮುಲಾ ಹಾಕಿದರೆ ಹೆಸರು ಯಾವ ಸಾಲಿನಲ್ಲಿದ್ದರೂ ಶೀಟೇ ಅತಿ ಕಡಿಮೆಯದನ್ನು ಹುಡುಕಿ ಅದಕ್ಕೆ ಶೇ 25 ಕೊಡುತ್ತದೆ. ಇದನ್ನು ಮೊದಲ ದಿನವೇ ಹಾಕಬೇಕಿತ್ತು. ಹೊಸ ಲೆಕ್ಕ: ಎಸ್-795 ನೆಟ್ 54, ಚಂದ್ರಗಿರಿ 55, ಕೆಂಟ್ 56. ಕಪ್ ಗೆದ್ದವರು ಮೂರನೇ ಸ್ಥಾನಕ್ಕೆ. ಉಳಿದ ಮೂರು ತಂಡಗಳು ಯಾವ ಲೆಕ್ಕದಲ್ಲೂ ಮೇಲೆ ಬರಲಿಲ್ಲ, ಅದೊಂದು ನೆಮ್ಮದಿ.

ಮಂಗಳವಾರ ಬೆಳಿಗ್ಗೆ ಗೌಡ್ರ ಮನೆಗೆ ಹೋದೆ. ಜಗಲಿಯಲ್ಲಿ ಕಾಫಿ ಕೊಟ್ಟರು, ಕಡುಬು ಕೊಟ್ಟರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಧೈರ್ಯ ಸಾಲದೆ, "ಪ್ಲೇಟ್‌ನಲ್ಲಿ ಗಲ್ಫ್ ಅಂತ ಆಗಿದೆಯಲ್ಲ ಗೌಡ್ರೇ, ಸರಿ ಮಾಡಿಸಬೇಕು, ಕಪ್ ಕೊಡ್ತೀರಾ" ಅಂತ ಶುರು ಮಾಡಿದೆ.

"ಅದಕ್ಕೆ ಹೊತ್ತಿಗೆ ಮುಂಚೆ ಎದ್ದು ಬಂದ್ಯಾ?" ಅಂದರು.

ಎಲ್ಲ ಹೇಳಿದೆ. ಕನ್ನಡಕ ತರಿಸಿಕೊಂಡು ನನ್ನ ಮೊಬೈಲಿನಲ್ಲಿ ಶೀಟ್ ನೋಡಿದರು.

"ಮೊದ್ಲು ನಾನು ಮೇಲಿದ್ದೆ ಅಲ್ವಾ?"

"ಹೌದು."

"ಈಗ ಎಷ್ಟನೇ ಪಾಲು?"

"ನಾಲ್ಕನೇದು."

ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಕಪ್ ತಂದು ನನ್ನ ತೊಡೆ ಮೇಲಿಟ್ಟರು. "ತಗೊಂಡು ಹೋಗು. ಆ ಪ್ಲೇಟ್ ಮಾತ್ರ ಸರಿ ಮಾಡಿಸ್ಬೇಡ. ಕೇಳಿದವರಿಗೆ ಗಲ್ಫಿಗೆ ಹೋಗಿ ಸೋತು ಬಂದೆ ಅಂತ ಹೇಳ್ಕೋತೀನಿ."

ಕಪ್ ಈಗ ನನ್ನ ಕಾರಿನ ಹಿಂದಿನ ಸೀಟಿನಲ್ಲಿದೆ. ಸಂಜೆ ಮ್ಯಾನೇಜರ್ ಸಾಹೇಬರ ಮನೆಗೆ. ಅವರು ರಸೀದಿ ಕೇಳಿಯೇ ಕೇಳುತ್ತಾರೆ, ಒಂದು ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.