ಮಿಡ್‌ಸೈಜ್ ಪಿಕಪ್ ಸಾಕೇ, ಫುಲ್‌ಸೈಜೇ ಬೇಕೇ?

ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೊ ಕಡೆಯ ಕನ್ನಡಿಗರ ಮನೆಗಳಲ್ಲಿ ಮಿನಿವ್ಯಾನ್ ಹಳೆಯದಾಗುತ್ತಿದ್ದಂತೆ ಪಿಕಪ್ ಟ್ರಕ್ಕಿನ ಮಾತು ಬಂದೇ ಬರುತ್ತದೆ. ನಾನು ಬಹಳ ಕಾಲದಿಂದ ಟ್ರಕ್ ಓಡಿಸುತ್ತಿರುವುದು ಗೊತ್ತಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಟೊಯೊಟಾ ಟಕೋಮಾ, ಫೋರ್ಡ್ ರೇಂಜರ್, ಷೆವರ್ಲೆ ಕೊಲರಾಡೊಗಳಂಥ ಮಿಡ್‌ಸೈಜ್ ತೆಗೆದುಕೊಳ್ಳುವುದೋ, ಅಥವಾ ಫೋರ್ಡ್ ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500, ಟಂಡ್ರಾಗಳಂಥ ಫುಲ್‌ಸೈಜ್‌ಗೇ ಹೋಗುವುದೋ? ನನ್ನ ಉತ್ತರ ಇಷ್ಟು: ಭಾರವಾದ ಟ್ರೇಲರ್ ಎಳೆಯುವುದಿಲ್ಲ, ಹಿಂದಿನ ಸೀಟಿನಲ್ಲಿ ದಿನವೂ ದೊಡ್ಡವರು ಕೂರುವುದಿಲ್ಲ ಎಂದಾದರೆ ಮಿಡ್‌ಸೈಜ್ ಸಾಕು. ಟ್ರೇಲರ್, ಹಿಂದಿನ ಸೀಟು ಇವೆರಡರಲ್ಲಿ ಒಂದರ ಅಗತ್ಯವಿದ್ದರೂ ಫುಲ್‌ಸೈಜ್ ನೋಡಬೇಕು. ಎಂಜಿನ್ನಿನ ಅಶ್ವಶಕ್ತಿ, ಗ್ರಿಲ್ಲಿನ ಗಾತ್ರ, ಪಕ್ಕದ ಮನೆಯವರ ಟ್ರಕ್ ಇವು ಯಾವುವೂ ಈ ತೀರ್ಮಾನದೊಳಗೆ ಬರಬೇಕಾಗಿಲ್ಲ.

ಮಿಡ್‌ಸೈಜ್ ಎಂದ ಕೂಡಲೇ ಚಿಕ್ಕ ಗಾಡಿ ಎಂದು ತಿಳಿಯುವವರಿದ್ದಾರೆ. ಇಂದಿನ ನಾಲ್ಕು ಬಾಗಿಲಿನ ರೇಂಜರ್ ಸುಮಾರು 211 ಇಂಚು ಉದ್ದವಿದ್ದು, 1990ರ ದಶಕದ ಒಂದೇ ಸಾಲು ಸೀಟಿನ ಸಿಂಗಲ್ ಕ್ಯಾಬ್, ಗಿಡ್ಡ ಬೆಡ್ಡಿನ (ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯ) ಎಫ್-150ಗಿಂತಲೂ ಉದ್ದವಾಗಿದೆ. ಭಾರತದಲ್ಲಿ 2022ರಿಂದ ಮಾರಾಟವಾಗುತ್ತಿರುವ ಟೊಯೊಟಾದ ಹೈಲಕ್ಸ್ ಪಿಕಪ್ ಇಲ್ಲಿ ಏಕೆ ಸಿಗುವುದಿಲ್ಲ ಎಂದೂ ಕೆಲವರು ಕೇಳುತ್ತಾರೆ. ಹೊರದೇಶದಿಂದ ತರುವ ಲಘು ಟ್ರಕ್ಕುಗಳ ಮೇಲೆ ಅಮೆರಿಕ 1964ರಲ್ಲಿ 25 ಪ್ರತಿಶತ ಸುಂಕ ಹಾಕಿತು; ಅಮೆರಿಕದ ಕೋಳಿಮಾಂಸಕ್ಕೆ ಯುರೋಪು ಸುಂಕ ವಿಧಿಸಿದ್ದಕ್ಕೆ ಅದು ಪ್ರತೀಕಾರವಾಗಿತ್ತು. ಕೋಳಿಯ ಜಗಳ ಮರೆತುಹೋದರೂ ಸುಂಕ ಉಳಿದುಕೊಂಡು, ಹೊರಗಿನ ಚಿಕ್ಕ ಟ್ರಕ್ಕುಗಳು ಇಲ್ಲಿ ಅಪರೂಪವಾದವು. ಟೊಯೊಟಾ 1995ರಲ್ಲಿ ಹೈಲಕ್ಸನ್ನು ಇಲ್ಲಿಂದ ಹಿಂತೆಗೆದು ಅದರ ಜಾಗಕ್ಕೆ ತಂದದ್ದೇ ಟಕೋಮಾ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯಾವುದೇ ಟ್ರಕ್ಕಿನ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಅಂಚಿನ ಒಂದು ಚೀಟಿ ಅಂಟಿಸಿರುತ್ತಾರೆ. ಒಳಗೆ ಕೂತವರು ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಕೂಡದು ಎಂಬ ಒಂದು ಸಂಖ್ಯೆ ಅದರ ಮೇಲಿರುತ್ತದೆ. ಜಾಹೀರಾತಿನಲ್ಲಿ ಬರುವ ಗರಿಷ್ಠ ಅಂಕಿ ಯಾವುದೋ ಒಂದು ಬರಿಯ ಮಾದರಿಗೆ ಸಲ್ಲುವಂಥದ್ದು. ಈ ಚೀಟಿಯ ಅಂಕಿ ಎದುರಿಗೆ ನಿಂತಿರುವ ಟ್ರಕ್ಕಿಗೇ, ಅದಕ್ಕೆ ಕಾರ್ಖಾನೆಯಲ್ಲಿ ಜೋಡಿಸಿದ ಸನ್‌ರೂಫ್, ದೊಡ್ಡ ಚಕ್ರ, ಚರ್ಮದ ಸೀಟು ಎಲ್ಲವನ್ನೂ ಲೆಕ್ಕ ಹಿಡಿದು ಬರೆದದ್ದು. ನಾಲ್ಕು ಬಾಗಿಲಿನ, ಫೋರ್ ವೀಲ್ ಡ್ರೈವ್ ಮಿಡ್‌ಸೈಜ್‌ಗಳಲ್ಲಿ ಇದು ಸಾಮಾನ್ಯವಾಗಿ 1,100ರಿಂದ 1,400 ಪೌಂಡ್ ಆಸುಪಾಸಿನಲ್ಲಿರುತ್ತದೆ. ಫುಲ್‌ಸೈಜ್‌ಗಳಲ್ಲಿ 1,500ರಿಂದ 1,900. ಆದರೆ ಐಷಾರಾಮಿ ಫುಲ್‌ಸೈಜ್ ಮಾದರಿಗಳಲ್ಲಿ ಅದು 1,300ಕ್ಕೂ ಇಳಿಯಬಹುದು, ಏಕೆಂದರೆ ಟ್ರಕ್ಕಿಗೆ ಸೇರಿಸಿದ ಪ್ರತಿಯೊಂದು ಸೌಕರ್ಯವೂ ಅದು ಹೊರಬಲ್ಲ ಭಾರದಿಂದಲೇ ಕಳೆಯುತ್ತದೆ.

ಟ್ರೇಲರ್ ಕಟ್ಟುವವರು ಈ ಚೀಟಿಯನ್ನು ಓದಲೇಬೇಕು, ಓದದವರೇ ಹೆಚ್ಚು. ಕೊಲರಾಡೊ 7,700 ಪೌಂಡ್ ಎಳೆಯುತ್ತದೆ, ರೇಂಜರ್ 7,500, ಟಕೋಮಾ 6,500, ಪ್ರವಾಸದಲ್ಲಿ ಉಳಿದುಕೊಳ್ಳುವ ನಮ್ಮ ಟ್ರೇಲರ್ 4,800 ಅಷ್ಟೇ ಎಂದು ಲೆಕ್ಕ ಹಾಕಿ ಹಲವರು ನಿಶ್ಚಿಂತರಾಗುತ್ತಾರೆ. ಆದರೆ ಟ್ರೇಲರಿನ ಆ 4,800 ಖಾಲಿ ತೂಕ. ಒಂದು ಗ್ಯಾಲನ್ ನೀರೇ ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆ. ಅದರ ಜೊತೆ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ, ದಿನಸಿ ಸೇರಿದರೆ 6,000 ಆಗುವುದು ಸಹಜ. ಎತ್ತಿನ ಗಾಡಿಯಲ್ಲಿ ಹೇರು ಹಿಂದಕ್ಕೆ ಜಾರಿದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಕತ್ತಿನ ಮೇಲೆ ಕೂರುತ್ತದೆ. ಟ್ರೇಲರಿನದೂ ಇದೇ ಲೆಕ್ಕ. ರಸ್ತೆಯಲ್ಲಿ ಅದು ಓಲಾಡದೆ ನೆಟ್ಟಗೆ ಬರಬೇಕಾದರೆ ಅದರ ತೂಕದ 10ರಿಂದ 15 ಪ್ರತಿಶತ ಟ್ರಕ್ಕಿನ ಹಿಂಬದಿಯ ಕೊಂಡಿಯ ಮೇಲೆ ಕೂತಿರಬೇಕು. 6,000 ಪೌಂಡಿನ ಟ್ರೇಲರಿಗೆ ಅದು ಸುಮಾರು 750 ಪೌಂಡ್ ಆಯಿತು, ಮತ್ತು ಆ 750 ಕೂಡ ಹಳದಿ ಚೀಟಿಯ ಲೆಕ್ಕದೊಳಗೇ ಬರುತ್ತದೆ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಬಂದಿರುವ ಅಮ್ಮ ಸೇರಿ 620 ಪೌಂಡ್, ಬೆಡ್ಡಿನಲ್ಲಿ ಕೂಲರ್, ಒಲೆ, ಕುರ್ಚಿಗಳದ್ದು 180 ಎಂದುಕೊಂಡರೆ ಒಟ್ಟು 1,550. ಎಳೆಯುವ ಶಕ್ತಿಯಲ್ಲಿ ಸಾವಿರ ಪೌಂಡಿಗೂ ಮೇಲೆ ಉಳಿದಿರುವ ಮಿಡ್‌ಸೈಜ್, ಹೊರುವ ಭಾರದಲ್ಲಿ ಮಿತಿ ಮೀರಿರುತ್ತದೆ. ಕಂಪನಿಗಳು ಪ್ರಕಟಿಸುವ ಎಳೆಯುವ ಅಂಕಿ, ಟ್ರಕ್ಕಿನಲ್ಲಿ ಚಾಲಕ ಮತ್ತು ಒಬ್ಬ ಸಹಪ್ರಯಾಣಿಕ ಮಾತ್ರ ಇದ್ದಾರೆಂದು ಭಾವಿಸಿ ತೆಗೆದದ್ದು. ನಮ್ಮ ಕುಟುಂಬಗಳು ಹಾಗೆ ಪ್ರಯಾಣ ಮಾಡುವುದಿಲ್ಲ.

ಮಿತಿ ಮೀರಿದರೆ ಟ್ರಕ್ ತಕ್ಷಣ ಮುರಿದು ಬೀಳುವುದಿಲ್ಲ, ಅದಕ್ಕೇ ಜನ ಧೈರ್ಯ ಮಾಡುತ್ತಾರೆ. ಹಿಂಬದಿ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಬ್ರೇಕ್ ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ. ಬೇಸಿಗೆಯಲ್ಲಿ ಬಿಗ್ ಬೆಂಡ್ ಕಡೆಗೆ, ಗಾಳಿಗೆ ಯಾವ ಮರೆಯೂ ಇಲ್ಲದ ಪಶ್ಚಿಮ ಟೆಕ್ಸಾಸಿನ ಬಯಲಿನಲ್ಲಿ ಎತ್ತರದ ಟ್ರೇಲರ್ ಎಳೆದುಕೊಂಡು ಹೋಗುವಾಗ, ಪಕ್ಕದಿಂದ ದೊಡ್ಡ ಲಾರಿಯೊಂದು ದಾಟಿದ ಕ್ಷಣದಲ್ಲಿ ಇವೆಲ್ಲ ಒಟ್ಟಿಗೇ ಅನುಭವಕ್ಕೆ ಬರುತ್ತವೆ. ಮಕ್ಕಳು ಹಿಂದೆ ಕೂತಿರುವಾಗ ಈ ವಿಷಯದಲ್ಲಿ ರಾಜಿ ಬೇಡವೆಂದು ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಲೇಕ್ ಟೆಕ್ಸೋಮಾಗೆ ಚಿಕ್ಕ ದೋಣಿ ಒಯ್ಯುವುದಕ್ಕೆ ಮಿಡ್‌ಸೈಜ್ ಧಾರಾಳ. ಇಡೀ ಸಂಸಾರ ಮಲಗುವಂಥ ಟ್ರೇಲರಿಗೆ ಅಲ್ಲ.

ಎರಡನೆಯದು ಹಿಂದಿನ ಸೀಟು. ಎಫ್-150ರ ಸೂಪರ್‌ಕ್ರೂ ಎಂಬ ನಾಲ್ಕು ಬಾಗಿಲಿನ ಕ್ಯಾಬಿನಲ್ಲಿ ಹಿಂದೆ ಕೂತವರ ಕಾಲಿಗೆ ಸುಮಾರು 43 ಇಂಚು ಜಾಗವಿದೆ. ರೇಂಜರ್, ಟಕೋಮಾ, ಕೊಲರಾಡೊಗಳಲ್ಲಿ 34ರ ಆಸುಪಾಸು. ಒಂಬತ್ತು ಇಂಚು ಎಂದರೆ ಕಾಗದದ ಮೇಲೆ ಕಡಿಮೆ ಅನಿಸಬಹುದು. ಆದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶುವಿನ ಸೀಟನ್ನು ಮಿಡ್‌ಸೈಜ್‌ನಲ್ಲಿ ಇಟ್ಟರೆ ಮುಂದಿನ ಸೀಟನ್ನು ಎಷ್ಟು ಮುಂದೆ ತಳ್ಳಬೇಕಾಗುತ್ತದೆಂದರೆ, ಅಲ್ಲಿ ಕೂತವರ ಮೊಣಕಾಲು ಡ್ಯಾಷ್‌ಬೋರ್ಡಿಗೆ ತಾಗುತ್ತದೆ. ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮ ಮಗುವಿನ ಸೀಟಿನ ಪಕ್ಕದಲ್ಲಿ ಕೂತು ಹ್ಯೂಸ್ಟನ್ನಿನ ಮೀನಾಕ್ಷಿ ದೇವಸ್ಥಾನಕ್ಕೋ ಆಸ್ಟಿನ್ನಿಗೋ ಹೊರಟರೆಂದರೆ ಕಾಲು ಚಾಚದ ನಾಲ್ಕು ತಾಸು ಅವರ ಪಾಲಿಗೆ ಕಷ್ಟವೇ ಸರಿ. ಹತ್ತುವ ಎತ್ತರದ ವಿಷಯದಲ್ಲಿ ಮಾತ್ರ ಎರಡು ವರ್ಗಗಳಿಗೂ ದೊಡ್ಡ ವ್ಯತ್ಯಾಸವಿಲ್ಲ. ಸೀರೆ ಉಟ್ಟವರಿಗೆ, ಮಂಡಿ ನೋವಿರುವವರಿಗೆ ಎರಡರಲ್ಲೂ ಪಕ್ಕದ ಮೆಟ್ಟಿಲು ಮತ್ತು ಹಿಡಿಕೆ ಬೇಕೇ ಬೇಕು. ನೆಲಕ್ಕೆ ಹತ್ತಿರವಿದ್ದು ಕಾರಿನಂತೆ ಹತ್ತಲು ಸುಲಭವಾದದ್ದು ಬೇಕೆನ್ನುವವರು ಹೋಂಡಾ ರಿಜ್‌ಲೈನನ್ನು ನೋಡಬೇಕು. ಅದು ಎಳೆಯುವುದು 5,000 ಪೌಂಡ್ ಮಾತ್ರ.

ದೊಡ್ಡದರ ಪರವಾಗಿ ಇಷ್ಟು ಹೇಳಿದ ಮೇಲೆ ಅದು ನಿಲ್ಲಲು ಬೇಕಾದ ಜಾಗದ ಬಗ್ಗೆಯೂ ಹೇಳಬೇಕು. ಐದೂವರೆ ಅಡಿ ಬೆಡ್ಡಿನ ನಾಲ್ಕು ಬಾಗಿಲಿನ ಎಫ್-150 ಸುಮಾರು 232 ಇಂಚು ಉದ್ದ, ಅಂದರೆ ಹತ್ತೊಂಬತ್ತು ಅಡಿಗೂ ಮಿಗಿಲು. ಗ್ಯಾರೇಜಿನ ಆಳ ಇಪ್ಪತ್ತು ಅಡಿ ಇದ್ದರೆ ಹಿಂದೆ ಮುಂದೆ ಸೇರಿ ಎಂಟು ಇಂಚು ಉಳಿಯುತ್ತದೆ, ವಾಟರ್ ಹೀಟರ್ ಅಲ್ಲೇ ಇದ್ದರೆ ಅದೂ ಇಲ್ಲ. ಪ್ಲೇನೋ, ರಿಚರ್ಡ್‌ಸನ್ ಕಡೆಯ ಹಳೆಯ ಬಡಾವಣೆಗಳಲ್ಲಿ ಗ್ಯಾರೇಜಿನ ಬಾಗಿಲು ಮನೆಯ ಹಿಂದಿನ ಓಣಿಗೆ ತೆರೆದುಕೊಳ್ಳುತ್ತದೆ. ಆ ಇಕ್ಕಟ್ಟಿನಲ್ಲಿ, ಕನ್ನಡಿಗಳನ್ನು ಬಿಟ್ಟೇ 80 ಇಂಚು ಅಗಲವಿರುವ ಗಾಡಿಯನ್ನು ತಿರುಗಿಸಿ ಒಳಗೆ ಹಾಕುವುದು ದಿನನಿತ್ಯದ ಪರೀಕ್ಷೆ. ಮಿಡ್‌ಸೈಜ್ ಅಗಲದಲ್ಲಿ ಮೂರು ನಾಲ್ಕು ಇಂಚು, ಉದ್ದದಲ್ಲಿ ಒಂದೂವರೆ ಅಡಿಗಿಂತಲೂ ಹೆಚ್ಚೇ ಚಿಕ್ಕದಾಗಿರುವುದರಿಂದ ಹದಿನೆಂಟು ಅಡಿಯ ಪಾರ್ಕಿಂಗ್ ಗೆರೆಯೊಳಗೆ ನೆಮ್ಮದಿಯಾಗಿ ನಿಲ್ಲುತ್ತದೆ.

ಇದಕ್ಕಿಂತ ಗಂಭೀರವಾದದ್ದು ಮೂತಿಯ ಎತ್ತರ. ವಿಮಾ ಕಂಪನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗಳಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚಿಗಿಂತ ತಗ್ಗಾದ ಇಳಿಜಾರು ಮೂತಿಯ ವಾಹನಗಳಿಗಿಂತ ಸುಮಾರು 45 ಪ್ರತಿಶತ ಹೆಚ್ಚು. ಮಿಡ್‌ಸೈಜ್‌ಗಳು ಈ ದೋಷದಿಂದ ಪೂರ್ತಿ ಮುಕ್ತವಲ್ಲ, ಫುಲ್‌ಸೈಜ್‌ನಲ್ಲಿ ಅದು ಇನ್ನೂ ಹೆಚ್ಚು. ಸಂಜೆ ಓಣಿಯಲ್ಲಿ ಮಕ್ಕಳು ಸೈಕಲ್ ಆಡುವ ಬೀದಿಯಲ್ಲಿ ಮನೆ ಮಾಡಿರುವವರು ಯಾವ ಟ್ರಕ್ ಕೊಂಡರೂ ಮುಂದಿನ ಕ್ಯಾಮೆರಾ ಇರುವುದನ್ನೇ ಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಬೆಡ್ಡಿನ ವಿಷಯ ಚಿಕ್ಕದು. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಪ್ಲೈವುಡ್ ಹಲಗೆ ಫುಲ್‌ಸೈಜ್‌ನಲ್ಲಿ ಚಕ್ರದ ಉಬ್ಬುಗಳ ನಡುವೆ ನೆಲಕ್ಕೆ ಮಲಗುತ್ತದೆ. ರಿಜ್‌ಲೈನ್‌ನಂಥ ಕೆಲವನ್ನು ಬಿಟ್ಟರೆ ಮಿಡ್‌ಸೈಜ್‌ಗಳಲ್ಲಿ ಆ ಉಬ್ಬುಗಳ ಮೇಲೆ ಅಡ್ಡಪಟ್ಟಿ ಇಟ್ಟು ಹೊರಿಸಬೇಕು. ತೋಟಕ್ಕೆ ಜಲ್ಲಿ ತರಲು ದೊಡ್ಡ ಟ್ರಕ್ ಬೇಕೆನ್ನುವವರು ತಿಳಿಯಬೇಕಾದದ್ದೆಂದರೆ, ಒಂದು ಘನ ಗಜ ಜಲ್ಲಿ 2,700 ಪೌಂಡಿಗೂ ಹೆಚ್ಚು ತೂಗುವುದರಿಂದ ನಾನು ಇಲ್ಲಿ ಹೆಸರಿಸಿದ ಯಾವ ಟ್ರಕ್ಕೂ ಅದನ್ನು ಒಂದೇ ಸಲಕ್ಕೆ ಹೊರಬಾರದು. ವರ್ಷಕ್ಕೊಮ್ಮೆ ಅಂಥ ಕೆಲಸ ಬಂದರೆ ಅಂಗಡಿಯವರೇ ಮನೆಗೆ ತಂದು ಸುರಿಯುತ್ತಾರೆ.

ಪೆಟ್ರೋಲಿನ ಉಳಿತಾಯವನ್ನು ನೆಚ್ಚಿ ಮಿಡ್‌ಸೈಜ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಗ್ಯಾಲನ್ನಿಗೆ 22 ಮೈಲಿ ಕೊಡುವ ಮಿಡ್‌ಸೈಜ್‌ಗೂ 20 ಕೊಡುವ ಫುಲ್‌ಸೈಜ್‌ಗೂ ವರ್ಷಕ್ಕೆ 12,000 ಮೈಲಿ ಓಡಿಸಿದರೆ ಬರುವ ವ್ಯತ್ಯಾಸ 55 ಗ್ಯಾಲನ್ ಮಾತ್ರ. ಎಫ್-150 2015ರ ಮಾದರಿಯಿಂದ ಅಲ್ಯೂಮಿನಿಯಂ ಮೈ ಪಡೆದು ಹಗುರಾಗಿದೆ, ಮಿಡ್‌ಸೈಜ್‌ಗಳೋ ಬೆಳೆಯುತ್ತ ಬಂದಿವೆ. ಬೆಲೆಯ ಅಂತರವೂ ಪಟ್ಟಿಯಲ್ಲಿ ಕಾಣುವಷ್ಟು ಇರುವುದಿಲ್ಲ, ಏಕೆಂದರೆ ದೊಡ್ಡ ಟ್ರಕ್ಕುಗಳ ಮೇಲೆ ಡೀಲರುಗಳು ರಿಯಾಯಿತಿ ಕೊಟ್ಟಷ್ಟು ಸುಲಭವಾಗಿ ಟಕೋಮಾ ಮೇಲೆ ಕೊಡುವುದಿಲ್ಲ. ಅದು ಮರುಮಾರಾಟದಲ್ಲಿ ಬೆಲೆ ಉಳಿಸಿಕೊಳ್ಳುತ್ತದೆ ಎಂಬುದು ಅವರಿಗೂ ಗೊತ್ತು.

ಡೀಲರ್ ಬಳಿಗೆ ಹೋಗುವಾಗ ಗ್ಯಾರೇಜಿನ ಅಳತೆ, ಮಗುವಿನ ಸೀಟು ಮತ್ತು ಮನೆಯ ಹಿರಿಯರು ಜೊತೆಯಲ್ಲಿರಲಿ. ಕೊಳ್ಳಬೇಕೆಂದಿರುವ ಅದೇ ಟ್ರಕ್ಕಿನ ಬಾಗಿಲು ತೆರೆದು ಹಳದಿ ಚೀಟಿಯ ಫೋಟೊ ತೆಗೆದುಕೊಳ್ಳಿ. ಟ್ರೇಲರ್ ಕೊಳ್ಳುವ ಯೋಚನೆ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಟ್ರಕ್ಕನ್ನು ಅದಕ್ಕಾಗಿ ಈಗಲೇ ಕೊಳ್ಳಬೇಡಿ. ಮೊದಲು ಟ್ರೇಲರ್ ಆರಿಸಿ ಅದರ ತುಂಬಿದ ತೂಕ ತಿಳಿದುಕೊಂಡು, ಆ ತೂಕವನ್ನು ಹೊರುವ ಟ್ರಕ್ಕನ್ನು ಆಮೇಲೆ ಹುಡುಕಿ.