ಐದು ಕಿಲೋಮೀಟರ್ ಅಂದರೆ ಎಷ್ಟು ದೂರ?

ಮೊದಲ ವಾರ

ಓರಿಯೆಂಟೀರಿಂಗ್ ಅಂದರೆ ನಕ್ಷೆ ಹಿಡಿದು, ಬಾವುಟ ತೂಗುಹಾಕಿದ ಜಾಗಗಳನ್ನು ಕ್ರಮವಾಗಿ ಹುಡುಕುತ್ತಾ ಓಡುವ ಆಟ. ಆ ಒಂದೊಂದು ಜಾಗ ಒಂದು ಕಂಟ್ರೋಲ್, ಅವುಗಳ ಸಾಲು ಒಂದು ಕೋರ್ಸ್. ಇಷ್ಟು ದಿನ ಬೇರೆಯವರು ಹಾಕಿದ ಕೋರ್ಸ್ ಓಡಿ, "ಆ ಆರನೇ ಕಂಟ್ರೋಲ್ ಅಲ್ಲಿ ಇಟ್ಟ ಪುಣ್ಯಾತ್ಮ ಯಾರು" ಅಂತ ಬೈದುಕೊಂಡು ಮನೆಗೆ ಬರುತ್ತಿದ್ದವನು ನಾನು. ಈ ಸಲ ಬೈಸಿಕೊಳ್ಳುವ ಸರದಿ ನನ್ನದು. ನಮ್ಮ ಓರಿಯೆಂಟೀರಿಂಗ್ ಗುಂಪಿಗೆ ಮೂರು ಕೋರ್ಸ್ ಹಾಕಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ನಕ್ಷೆಯನ್ನೇ ಹಿಡಿಯದವರಿಗೆ ಒಂದು, ಒಂದೆರಡು ಸಲ ಓಡಿದವರಿಗೆ ಒಂದು, ಪಳಗಿದವರಿಗೆ ಒಂದು.

ನಕ್ಷೆ 1:10,000ದ್ದು. ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ನೂರು ಮೀಟರ್. ಕಾಂಟೂರ್ ಅಂತರ, ಅಂದರೆ ಎತ್ತರ ತೋರಿಸುವ ಒಂದು ಗೆರೆಯಿಂದ ಮುಂದಿನ ಗೆರೆಗೆ ಏರು, 5 ಮೀಟರ್. ಕೋರ್ಸ್ ಬಿಡಿಸಲು ಪರ್ಪಲ್ ಪೆನ್ ಹಾಕಿಕೊಂಡೆ. ಉಚಿತ ತಂತ್ರಾಂಶ, ಅರ್ಧ ಗಂಟೆಯಲ್ಲಿ ಕೈಗೆ ಹತ್ತಿತು. ಪಳಗಿದವರ ಕೋರ್ಸ್ ಒಂದೇ ಸಂಜೆಯಲ್ಲಿ ಮುಗಿಯಿತು: 14 ಕಂಟ್ರೋಲ್, 5.2 ಕಿಲೋಮೀಟರ್. ಖುಷಿಯಲ್ಲಿ ಮಲಗಿದೆ.

ಮರುದಿನ ಏರು ಎಣಿಸಲು ಕೂತೆ. ಉದ್ದವನ್ನು ತಂತ್ರಾಂಶವೇ ಹೇಳುತ್ತದೆ, ಏರನ್ನು ಮಾತ್ರ ನಾವೇ ಎಣಿಸಿ ತುಂಬಬೇಕು. ಪೆನ್ಸಿಲ್ ತುದಿ ಇಟ್ಟುಕೊಂಡು, ಓಡುವವನು ಹೋಗಬಹುದಾದ ದಾರಿಯಲ್ಲಿ ಹತ್ತುವ ಗೆರೆಗಳನ್ನಷ್ಟೇ ಎಣಿಸಿದೆ. 49 ಗೆರೆ, ಅಂದರೆ 245 ಮೀಟರ್. ಉದ್ದದ ಶೇ. 4.7. ಅಂತರರಾಷ್ಟ್ರೀಯ ಫೆಡರೇಶನ್‌ನ ಮಾತಿನ ಪ್ರಕಾರ ಇದು ಸಾಮಾನ್ಯವಾಗಿ ಶೇ. 4 ದಾಟಬಾರದು. ಒಂದು ಮೀಟರ್ ಏರಿಗೆ ಹತ್ತು ಮೀಟರ್ ಸಮತಟ್ಟು ಅಂತ ಹಿಡಿಯುವ ಹಳೆಯ ಲೆಕ್ಕ ಹಾಕಿದರೆ, ನನ್ನ 5.2 ಕಿಲೋಮೀಟರ್ ಕಾಲಿಗೆ 7.65 ಆಗಿತ್ತು.

ಯಾಕೆ ಹೀಗಾಯ್ತು ಅಂತ ನೋಡಿದರೆ, ಚೆಂದದ ಬಂಡೆಗಳೆಲ್ಲ ಗುಡ್ಡದ ನೆತ್ತಿಯಲ್ಲಿ, ಚೆಂದದ ಗುಂಡಿಗಳೆಲ್ಲ ಬುಡದಲ್ಲಿ. ನಾನು ಎರಡಕ್ಕೂ ಆಸೆಪಟ್ಟು ಒಂದು ಮೇಲೆ, ಒಂದು ಕೆಳಗೆ ಅಂತ ಇಟ್ಟುಬಿಟ್ಟಿದ್ದೆ. ಮೂರು ಕಂಟ್ರೋಲ್ ತೆಗೆದು, ಉಳಿದವನ್ನು ಇಳಿಜಾರಿಗೆ ಅಡ್ಡಲಾಗಿ ಹೋಗುವ ಹಾಗೆ ಪೋಣಿಸಿದೆ. ಈಗ 4.9 ಕಿಲೋಮೀಟರ್, 185 ಮೀಟರ್ ಏರು. ಎತ್ತರ ಬಿಟ್ಟುಕೊಡದೆ ಅಡ್ಡ ಹೋಗುವುದು ಸುಮ್ಮನೆ ಹತ್ತುವುದಕ್ಕಿಂತ ಕಷ್ಟದ ವಿದ್ಯೆ, ಹಾಗಾಗಿ ಕೋರ್ಸ್ ಸಪ್ಪೆಯಾಗಲಿಲ್ಲ.

ಎರಡನೇ ವಾರ

ಜಾಗ ನೋಡಿ ಪಟ್ಟಿ ಕಟ್ಟುವ ಕೆಲಸ. ಪ್ರತಿ ಕಂಟ್ರೋಲ್ ಜಾಗದಲ್ಲೂ ಒಂದು ಬಣ್ಣದ ಟೇಪು ಕಟ್ಟಿ, ಅದರ ಮೇಲೆ ಸಂಖ್ಯೆ ಬರೆದು ಬರುವುದು. ಸಂಖ್ಯೆ 31ರಿಂದ ಶುರು, ಕೋರ್ಸಿನ ಕ್ರಮಾಂಕದ ಜೊತೆ ಕಲಸಿಹೋಗಬಾರದು ಅಂತ. 66, 68, 86 ಇಂಥವನ್ನು ಬಿಟ್ಟೆ; ತಲೆಕೆಳಗಾಗಿ ಓದಿದರೆ ಬೇರೆಯೇ ಸಂಖ್ಯೆಯಾಗುತ್ತದೆ.

ಎರಡು ಗುಂಡಿಗಳಲ್ಲಿ ಎರಡು ಕಂಟ್ರೋಲ್ ಇಟ್ಟಿದ್ದೆ, ಬೇರೆ ಬೇರೆ ಕೋರ್ಸಿಗೆ. ಹೆಜ್ಜೆ ಎಣಿಸಿದರೆ ನಡುವೆ 45 ಮೀಟರ್ ಇರಬಹುದು. ಒಂದೇ ಬಗೆಯ ಗುರುತಾದರೆ 60 ಮೀಟರಾದರೂ ದೂರ ಇರಬೇಕು, ಇಲ್ಲದಿದ್ದರೆ ಸರಿಯಾಗಿ ಬಂದವನೂ ತಪ್ಪು ಬಾವುಟಕ್ಕೆ ಬೀಳುತ್ತಾನೆ. ಒಂದನ್ನು ಕಿತ್ತೆ.

ಇನ್ನೊಂದು ಕಡೆ, ಬಂಡೆಯ ಹಿಂದಿನ ಸಂದಿಯಲ್ಲಿ ಪೊದೆಯೊಳಗೆ ಟೇಪು ಕಟ್ಟಿ ಹೆಮ್ಮೆಯಿಂದ ಹಿಂದೆ ಸರಿದು ನೋಡಿದೆ. ನನಗೇ ಕಾಣಲಿಲ್ಲ. ಕಣ್ಣಾಮುಚ್ಚಾಲೆ ಆಡಿಸುವ ಕಂಟ್ರೋಲ್ ಕಷ್ಟದ್ದಲ್ಲ, ಕೆಟ್ಟದ್ದು. ಬಂಡೆ ಹುಡುಕುವುದೇ ಪರೀಕ್ಷೆ. ಬಂಡೆ ಸಿಕ್ಕಿದವನಿಗೆ ಬಾವುಟವೂ ಸಿಗಬೇಕು. ಈಗ ಅದು ಬಂಡೆಯ ಉತ್ತರ ಬದಿಯಲ್ಲಿ ಬಯಲಿಗೇ ತೂಗುತ್ತದೆ.

ಮೂರನೇ ವಾರ

ಹೊಸಬರ ಕೋರ್ಸ್ ಪರೀಕ್ಷೆಗೆ ತಂಗಿಯನ್ನು ಕರೆದುಕೊಂಡು ಹೋದೆ. ಅವಳು ಯಾವತ್ತೂ ಇಂಥ ನಕ್ಷೆ ಹಿಡಿದವಳಲ್ಲ. ಒಂಬತ್ತು ಕಂಟ್ರೋಲ್, 2.1 ಕಿಲೋಮೀಟರ್, ಎಲ್ಲವೂ ಕಾಲುದಾರಿಯ ಮೇಲೆ. ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತೇನೆ, ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ.

ಮೂರನೆಯದು ದಾಟಿ ನಾಲ್ಕನೆಯದಕ್ಕೆ ಹೋಗುವಾಗ ಒಂದು ಕವಲು. ನಕ್ಷೆಯಲ್ಲಿ ನಮ್ಮ ದಾರಿ ನೇರ, ಎಡಕ್ಕೆ ಒಂದು ಸಣ್ಣ ಎಳೆ. ನೆಲದ ಮೇಲೆ ತದ್ವಿರುದ್ಧ. ಎಡದ್ದು ಅಗಲವಾಗಿ, ಸವೆದು, ಬಾ ಅಂತ ಕರೆಯುತ್ತದೆ. ನಮ್ಮದು ತರಗೆಲೆ ಮುಚ್ಚಿಕೊಂಡು ಅಂಗೈಯಗಲ. ಅವಳು ನಿಂತಳು. ನಕ್ಷೆಯನ್ನು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು. ಎಡಕ್ಕೆ ನಡೆದಳು. ಇನ್ನೂರು ಮೀಟರ್ ಆದಮೇಲೆ ತಿರುಗಿ, "ಅಣ್ಣಾ, ಇಲ್ಲಿ ಏನೂ ಇಲ್ವಲ್ಲೋ" ಅಂದಳು. ನಾನು ಮರ ನೋಡುತ್ತಾ ನಿಂತೆ.

ಆ ದಾರಿಯಲ್ಲಿ ಮೂವತ್ತು ಸಲವಾದರೂ ಓಡಾಡಿದ್ದೇನೆ. ನನ್ನ ಕಣ್ಣಿಗೆ ಅದು ಕವಲಾಗಿ ಕಂಡೇ ಇರಲಿಲ್ಲ. ಹೊಸಬರ ಕೋರ್ಸಿನಲ್ಲಿ ದಾರಿ ಆರಿಸಬೇಕಾದ ಪ್ರತಿ ಜಾಗದಲ್ಲೂ ಒಂದು ಕಂಟ್ರೋಲ್ ಇರಬೇಕು ಅನ್ನುವುದು ಗೊತ್ತಿತ್ತು. ಆದರೆ ಆರಿಸಬೇಕಾದ ಜಾಗ ಯಾವುದು ಅನ್ನುವುದನ್ನು ಹಾಳೆ ನೋಡಿ ತೀರ್ಮಾನಿಸಿದ್ದೆ.

ಎರಡನೇ ತಪ್ಪು ಉದ್ದದ್ದು. ಕಂಟ್ರೋಲಿನಿಂದ ಕಂಟ್ರೋಲಿಗೆ ನೇರ ಗೆರೆ ಎಳೆದು ಅಳೆಯುವುದು ಪದ್ಧತಿ. ದಾರಿ ಬಿಡಲಾಗದ ಹೊಸಬರಿಗೆ ಅದು ಸುಳ್ಳು ಹೇಳುತ್ತದೆ. ದಾರಿಯುದ್ದಕ್ಕೂ ಅಳೆದರೆ 2.6 ಇತ್ತು, ಅವಳಿಗೆ 41 ನಿಮಿಷ ಹಿಡಿಯಿತು. ದೂರದ ಸುತ್ತೊಂದನ್ನು ಕತ್ತರಿಸಿದೆ, ಎರಡು ಕಂಟ್ರೋಲ್ ಸೇರಿಸಿದೆ. ಈಗ 11 ಕಂಟ್ರೋಲ್, ದಾರಿಯಲ್ಲೇ ಅಳೆದು 1.8 ಕಿಲೋಮೀಟರ್.

ಬ್ರಿಟನ್ನಿನಲ್ಲಿ ಕೋರ್ಸಿಗೆ ಬಣ್ಣದ ಹೆಸರು, ಕಷ್ಟಕ್ಕೆ 1ರಿಂದ 5ರ ಮಟ್ಟ. ಬಿಳಿ 1, ಹಳದಿ 2, ಕಿತ್ತಳೆ 3, ತಿಳಿ ಹಸಿರು 4. ಅಲ್ಲಿಂದ ಮೇಲೆ ಹಸಿರು, ನೀಲಿ, ಕಂದು ಮೂರೂ 5ನೇ ಮಟ್ಟವೇ, ಬದಲಾಗುವುದು ಉದ್ದ ಮಾತ್ರ. ವಯಸ್ಸಾದ ಪಳಗಿದ ಓಟಗಾರನಿಗೆ ಚಿಕ್ಕದೂ ಬೇಕು, ಕಷ್ಟದ್ದೂ ಬೇಕು. ನಾನು ಉದ್ದ, ಕಷ್ಟ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದೆ. ಹಾಗಾಗಿ ಪಟ್ಟಿಗೆ ನಾಲ್ಕನೆಯದೊಂದು ಸೇರಿತು: ಪಳಗಿದವರದೇ ಕಂಟ್ರೋಲ್‌ಗಳು, 3.1 ಕಿಲೋಮೀಟರ್.

ನಾಲ್ಕನೇ ವಾರ

ಗೆಳೆಯನೊಬ್ಬ ದೊಡ್ಡ ಕೋರ್ಸ್ ಓಡಿ ಕೊಟ್ಟ. ಐದನೇ ಕಂಟ್ರೋಲಿನಿಂದ ಆರನೆಯದಕ್ಕೆ ಹೋಗುವ 900 ಮೀಟರಿನ ಲೆಗ್ಗು ನನ್ನ ಹೆಮ್ಮೆ: ನೇರ ಹೋದರೆ 60 ಮೀಟರ್ ಏರು, ಸುತ್ತಿದರೆ ಕಾಲುದಾರಿಯಲ್ಲಿ 1,100 ಮೀಟರ್. ಅವನು ನಿಲ್ಲದೇ ಸುತ್ತು ಹಿಡಿದ. "ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಮಾರಾಯ?" ಲೆಕ್ಕ ಹಾಕಿದ್ದರೆ ನನಗೇ ತಿಳಿಯುತ್ತಿತ್ತು. ನೇರದ್ದು 1,500ಕ್ಕೆ ಸಮ, ಸುತ್ತಿನದು ಹೆಚ್ಚೆಂದರೆ 1,200. ಐದನೆಯದನ್ನು ಹಳ್ಳದ ಆಚೆಗೆ ಸರಿಸಿದೆ. ನೇರದ ದೂರ ಅಷ್ಟೇ ಉಳಿಯಿತು, ಸುತ್ತು 1,350 ಆಯ್ತು. ಈಗ ತಲೆ ಕೆರೆದುಕೊಳ್ಳಬೇಕು.

ಏಳನೆಯದು ಡಾಗ್‌ಲೆಗ್ ಆಗಿತ್ತು, ಕಣಿವೆಯೊಳಗೆ ಹೋದ ದಾರಿಯಲ್ಲೇ ವಾಪಸು. ಮುಂದೆ ಇರುವವನು ಹೊರಗೆ ಬರುತ್ತಾ ಹಿಂದಿನವನಿಗೆ ದಾರಿ ತೋರಿಸಿಬಿಡುತ್ತಾನೆ. ಎಂಟನೆಯದನ್ನು ಕಣಿವೆಯ ಪಕ್ಕದ ದಿಬ್ಬಕ್ಕೆ ಹಾಕಿ ಸರಿಮಾಡಿದೆ.

ಅವನ ಸಮಯ 52 ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಕಡು ಹಸಿರು ಪೊದೆಯೊಳಗೆ. ನಕ್ಷೆಯಲ್ಲಿ ಆ ಹಸಿರು ಎಂದರೆ ಮಾಮೂಲಿ ವೇಗದ ಐದರಲ್ಲೊಂದು ಪಾಲೂ ಸಿಗದ ಜಾಗ. ತಪ್ಪು ಅವನದೇ, ಆ ಲೆಗ್ಗನ್ನು ಮುಟ್ಟಿಲ್ಲ.

ಉಳಿದದ್ದು ಮಧ್ಯದ ಕೋರ್ಸಿನ ನಾಲ್ಕನೇ ಕಂಟ್ರೋಲ್. ತೊರೆಗಿಂತ ಮೂವತ್ತು ಮೀಟರ್ ಈಚೆ ಒಂದು ದಿಬ್ಬ, ದಾಟಿಹೋದವನನ್ನು ತೊರೆಯೇ ತಡೆಯುತ್ತದೆ. ಆದರೆ ಈ ಬೇಸಿಗೆಯಲ್ಲಿ ತೊರೆ ಒಣಗಿದೆ, ಗೆರೆಯೂ ಕಾಣುವುದಿಲ್ಲ. ಭಾನುವಾರ ತಂಗಿಯನ್ನೇ ಇನ್ನೊಮ್ಮೆ ಕರೆದುಕೊಂಡು ಹೋಗಿ ನೋಡಬೇಕು, ಅವಳು ಬರುವುದಾದರೆ.