ಲಿವರ್‌ಪೂಲ್‌ನಲ್ಲಿ ಟೀ ಕೂಡ ಬಾಸ್

ನೈಟ್ ಡ್ಯೂಟಿ ಮುಗಿಯುವ ಹೊತ್ತು. ಮೂಲೆಯ ಬೆಡ್ಡಿನ ಅಜ್ಜನಿಗೆ ಸೊಂಟದ ಆಪರೇಷನ್ ಆಗಿ ಎರಡು ದಿನವಾಗಿತ್ತು. ದಿಂಬು ಏರಿಸಿ ಕೂರಿಸಿದೆ. ಟೀ ಮಾಡಿ ಕೊಟ್ಟೆ, ಹಾಲು ಕಮ್ಮಿ, ಸಕ್ಕರೆ ಎರಡು ಚಮಚ. ಎರಡೂ ಕೈಯಲ್ಲಿ ಕಪ್ ಹಿಡಿದು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿಕೊಂಡೇ "ದ್ಯಾಟ್ಸ್ ಬಾಸ್, ದ್ಯಾಟ್, ಕ್ವೀನ್" ಎಂದರು.

ವಾರ್ಡ್ ಇನ್‌ಚಾರ್ಜ್ ಬಂದರೇನೋ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ಅವರು ಬಾಸ್ ಎಂದಿದ್ದು ಟೀಗೆ. ಕ್ವೀನ್ ಎಂದಿದ್ದು ನನಗೆ.

ಲಿವರ್‌ಪೂಲ್‌ನವರ ಆಡುಮಾತಿಗೆ ಸ್ಕೌಸ್ ಅಂತಾರೆ. ಹಡಗಿನವರು ತಿನ್ನುತ್ತಿದ್ದ ಮಾಂಸ, ಆಲೂಗಡ್ಡೆಯ ಸಾರಿನ ಹೆಸರೇ ಮಾತಿಗೂ ಅಂಟಿಕೊಂಡಿದೆ. ಈ ಮಾತಲ್ಲಿ ಬಾಸ್ ಎಂದರೆ ತುಂಬಾ ಚೆನ್ನಾಗಿದೆ ಅಂತ. ಮ್ಯಾಚ್ ಬಾಸ್. ಬಿಸಿ ಚಿಪ್ಸ್ ಬಾಸ್. ಅಪರೂಪಕ್ಕೆ ಬಿಸಿಲು ಬಂದರೆ ಅದೂ ಬಾಸ್. ಆದರೆ ಫುಟ್‌ಬಾಲ್ ತಂಡದ ಮ್ಯಾನೇಜರ್ ಕೂಡ ಬಾಸೇ. ಎರಡು ಅರ್ಥವೂ ಒಂದೇ ಬಾಯಲ್ಲಿ ಬರುತ್ತವೆ, ಯಾರಿಗೂ ಗೊಂದಲ ಆಗುವುದಿಲ್ಲ. ಇನ್ನೂ ಒಂದಿದೆ. ಬ್ರಿಟನ್ನಿನ ಹಳೇ ಆಡುಮಾತಲ್ಲಿ 'ಬಾಸ್ ಶಾಟ್' ಎಂದರೆ ಗುರಿ ತಪ್ಪಿದ ಏಟು!

ನಮ್ಮ 'ಸಖತ್' ನೆನಪಾಯಿತು. ಸಖ್ತ್ ಎಂದರೆ ಪರ್ಷಿಯನ್ ಭಾಷೆಯಲ್ಲಿ ಗಟ್ಟಿ, ಕಠಿಣ. ಅದು ನಮ್ಮಲ್ಲಿಗೆ ಬಂದು ಬಿರಿಯಾನಿಯ ಹೊಗಳಿಕೆ ಆಗಿದೆ ಅಲ್ವಾ? ಬೆಂಗಳೂರಲ್ಲಂತೂ ಬಾಸ್ ಎಂದರೆ ಗುರುತಿಲ್ಲದ ಯಾರಾದರೂ ಆಗಬಹುದು. "ಬಾಸ್, ಗಾಡಿ ಸ್ವಲ್ಪ ಮುಂದೆ ಹಾಕ್ಕೊಳ್ಳಿ" ಎಂದರೆ ಸಾಕು, ಕೇಳಿದವರೂ ಸಣ್ಣವರಾಗುವುದಿಲ್ಲ, ಕೇಳಿಸಿಕೊಂಡವರೂ ಆಗುವುದಿಲ್ಲ. ನನಗೆ ಇದು ಬಹಳ ಇಷ್ಟ.

ಇಲ್ಲಿ ನಾನು ಕಳೆದುಕೊಂಡ ಒಂದು ಮಾತೂ ಇದೆ: ಸಿಸ್ಟರ್. ಮೈಸೂರಿನ ಆಸ್ಪತ್ರೆಯಲ್ಲಿ ಆರು ವರ್ಷ ನನ್ನನ್ನು ಎಲ್ಲರೂ ಹಾಗೇ ಕರೆದರು. "ಸಿಸ್ಟರ್, ಡ್ರಿಪ್ ಮುಗೀತು", "ಸಿಸ್ಟರ್, ಅಪ್ಪನಿಗೆ ನೋವು ಜಾಸ್ತಿ ಆಗಿದೆ." ಇಲ್ಲಿ ಸಿಸ್ಟರ್ ಎನ್ನುವುದು ಒಂದು ಹುದ್ದೆ. ಹಿರಿಯ ನರ್ಸುಗಳಿಗೆ ಮಾತ್ರ ಸಲ್ಲುತ್ತದೆ. ಇಲ್ಲಿ ಸಂಬಳದ ದರ್ಜೆಗೆ ಬ್ಯಾಂಡ್ ಅಂತಾರೆ. ನಾನು ಬ್ಯಾಂಡ್ 5ರ ಸ್ಟಾಫ್ ನರ್ಸ್. ವಾರ್ಡ್ ನಡೆಸುವ ಸಿಸ್ಟರ್ ಬ್ಯಾಂಡ್ 7. ಮೊದಲ ತಿಂಗಳು ಯಾರೂ ಸಿಸ್ಟರ್ ಎನ್ನದೆ ಕಿವಿ ಖಾಲಿ ಖಾಲಿ ಅನಿಸುತ್ತಿತ್ತು. ಅಂಥ ಹೊತ್ತಲ್ಲಿ ಆ ಅಜ್ಜ ಕ್ವೀನ್ ಎಂದಿದ್ದು. ಇಲ್ಲಿನ ಹಿರಿಯರು ಹೆಂಗಸರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ನಮ್ಮ ಕಡೆ "ತಾಯಿ" ಅಂತಾರಲ್ಲ, ಹಾಗೆ.

ಅವತ್ತಿನಿಂದ ಚೆನ್ನಾಗಿದ್ದದ್ದೆಲ್ಲ ನನಗೂ ಬಾಸ್ ಆಯಿತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಜೊತೆಯ ನರ್ಸ್ ಡಬ್ಬಿ ತೆರೆದರು. ದಕ್ಷಿಣ ಆಫ್ರಿಕಾದ ಕಪ್ಪು ಹೆಂಗಸು, ವಯಸ್ಸಿನಲ್ಲಿ ನನ್ನ ಅಮ್ಮನಷ್ಟು. ಡಬ್ಬಿಯಲ್ಲಿ ಪಾಪ್. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಹಾಸನದ ಹುಡುಗಿಗೆ ಮುದ್ದೆ ಕಂಡರೆ ಕೇಳಬೇಕೇ? ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು "ಬಾಸ್" ಎಂದೆ.

ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು. ಬಾಸ್ ಬಂದಿದ್ದು ಡಚ್ಚರ 'ಬಾಸ್' ಎಂಬ ಮಾತಿನಿಂದ, ಯಜಮಾನ ಎಂದರ್ಥ. ಅಮೆರಿಕದಲ್ಲಿ ಕೂಲಿ ಮಾಡುತ್ತಿದ್ದ ಬಿಳಿಯರಿಗೆ 'ಮಾಸ್ಟರ್' ಎನ್ನಲು ಮನಸ್ಸಿರಲಿಲ್ಲ, ಅದು ಗುಲಾಮರ ಬಾಯಿಂದ ಬರುವ ಮಾತು. ಹಾಗಾಗಿ ಡಚ್ ಮಾತನ್ನು ಎತ್ತಿಕೊಂಡರು. ಅದೇ ಡಚ್ಚರು ದಕ್ಷಿಣ ಆಫ್ರಿಕಾಕ್ಕೂ ಹೋಗಿದ್ದರು. ಅಲ್ಲಿ ಕಪ್ಪು ಜನ ಬಿಳಿಯರನ್ನು ಕರೆಯಬೇಕಿದ್ದದ್ದು ಇದೇ ಮಾತಿನಿಂದ. ಅಪಾರ್ತೈಡ್, ಅಂದರೆ ಅಲ್ಲಿನ ವರ್ಣಭೇದ ನೀತಿಯ ಕಾಲದಲ್ಲಿ ಬಿಳಿಯರ ಯಜಮಾನಿಕೆಗೆ 'ಬಾಸ್‌ಕಾಪ್' ಎಂಬ ಹೆಸರೇ ಇತ್ತು. ಇವರ ಅಪ್ಪ ತೋಟದಲ್ಲಿ ಕೆಲಸಕ್ಕಿದ್ದವರು. ತೋಟದ ಒಡೆಯನ ಹತ್ತು ವರ್ಷದ ಮಗನಿಗೂ ಟೋಪಿ ತೆಗೆದು "ಬಾಸ್" ಎನ್ನಬೇಕಿತ್ತಂತೆ.

"ಇಲ್ಲಿನವರು ಬಾಸ್ ಅಂದರೆ ನನಗೇನೂ ಅನ್ನಿಸಲ್ಲ. ಆದರೆ ನನ್ನ ಊಟಕ್ಕೆ ಆ ಮಾತು ಬೇಡ ಮಗಳೇ" ಎಂದರು.

ನನ್ನ ತಾತ ಹಳ್ಳಿಯ ಜಮೀನ್ದಾರರನ್ನು "ಧಣಿ" ಎನ್ನುವಾಗ ಹೆಗಲ ಮೇಲಿನ ಟವೆಲ್ ಕಂಕುಳಿಗೆ ಬರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಆ ನರ್ಸಿನ ಕೈ ಹಿಡಿದುಕೊಂಡೆ.

"ಹಾಗಾದರೆ ನಿಮ್ಮೂರಲ್ಲಿ ಏನಂತೀರಿ?" ಎಂದು ಅವರೇ ಕೇಳಿದರು. ಸಖತ್ ಎಂದೆ. ನಾಲ್ಕು ಸಲ ಹೇಳಿಸಿಕೊಂಡು ಕಲಿತರು. ಕೊನೆಯ 'ತ್' ಸ್ವಲ್ಪ ಜೋರಾಗಿ ಬರುತ್ತದೆ, ಅಷ್ಟೇ. ಈಗ ನಾನು ಚಿತ್ರಾನ್ನದ ಡಬ್ಬಿ ತೆರೆದರೆ ಸಾಕು, ರುಚಿ ನೋಡುವ ಮೊದಲೇ ಹೇಳಿಬಿಡುತ್ತಾರೆ.